ಹೆಸರಿಲ್ಲದವಳು

ಗ್ರೀಷ್ಮಾ ತಲೆಗೆ ತೆಂಗಿನೆಣ್ಣೆ ತಟ್ಟಿಕೊಂಡು ಕತಾರಿನ ಅಲ್ ಮುಂತಜಾ ಬಡಾವಣೆಯ ತನ್ನ ಕೋಣೆಯಲ್ಲಿ ಹಾಯಾಗಿ ಕಾಲು ಚಾಚಿ ಕುಳಿತಿದ್ದಾಗ ಆಫೀಸಿನಿಂದ ಸಂಕಪ್ಪಣ್ಣನ ಫೋನು ಬಂತು.

"ಎಲ್ಲಿದ್ದಿ ಮಾರಾಯ್ತಿ? ಇವತ್ತು ಡ್ಯೂಟಿ ಉಂಟಲ್ಲ."

"ಆದಿತ್ಯವಾರ ಅಲ್ವಾ ಅಣ್ಣ..." ಎಂದವಳು ನಾಲಿಗೆ ಕಚ್ಚಿಕೊಂಡಳು. ಕತಾರಿನಲ್ಲಿ ರಜೆ ಶುಕ್ರವಾರ, ಶನಿವಾರ. ಭಾನುವಾರ ದುಡಿಮೆಯ ದಿನ. ಬಂದಾಗಿನಿಂದ ಒಮ್ಮೆಯೂ ತಪ್ಪಿರಲಿಲ್ಲ. ಬೆಳಿಗ್ಗೆ ಉಡುಪಿಯಿಂದ ಅಮ್ಮ ಫೋನು ಮಾಡಿ, ಇವತ್ತು ಆದಿತ್ಯವಾರ, ತಲೆಗೆ ಎಣ್ಣೆ ಹಾಕಿ ಮೀಯು ಎಂದದ್ದೇ ಎಡವಟ್ಟಾಯಿತು.

ಅದೂ ಎಂಥ ದಿನ! ಪ್ರೊಬೇಷನ್ನಿನ ಕೊನೆಯ ದಿನ. ಮ್ಯಾನೇಜರ್ ಚಾನ್ ಮೇಡಂ ಒಪ್ಪಿದರೆ ಎರಡು ವರ್ಷದ ಕೆಲಸ, ಇಲ್ಲವಾದರೆ ಊರಿನ ವಿಮಾನ. ಹಾಂಗ್‌ಕಾಂಗಿನ ಆ ಹೆಂಗಸಿಗೆ ಕೈಕೆಳಗಿನವರಿಗೆಲ್ಲ ತಮ್ಮ ಕ್ಯಾಂಟನೀಸ್ ಆಡುಮಾತಿನ ಹೆಸರಿಡುವ ಚಟ. ಜೊತೆಗೆ ಕೆಲಸ ಮಾಡುವ ಪೃಥ್ವಿರಾಜನನ್ನು 'ಹಾವುಗಳ ರಾಜ' ಎಂದಾಗ, ನಾಗನಿಗೆ ತಂಬಿಲದ ಪೂಜೆ ಕೊಡುವ ಮನೆಯವನಲ್ಲವೇ, ಹಿಗ್ಗಿಹೋಗಿದ್ದ. ಕೆಲಸದಿಂದ ಮೆಲ್ಲನೆ ಜಾರಿಕೊಳ್ಳುವವರನ್ನು ಆ ಭಾಷೆಯಲ್ಲಿ ಹಾಗನ್ನುತ್ತಾರೆಂದು ಆಮೇಲೆ ತಿಳಿಯಿತು. ಯಾವ ಬೈಗುಳಕ್ಕೂ ಜಗ್ಗದ ಸಂಕಪ್ಪಣ್ಣ 'ಎಣ್ಣೆಯಲ್ಲಿ ಕರಿದ ಹಳೇ ಹಿಟ್ಟಿನ ಕಡ್ಡಿ'. ಹೆಸರು ಬಿದ್ದವರು ಉಳಿಯುತ್ತಾರೆ, ಬೀಳದವರು ಗಂಟುಮೂಟೆ ಕಟ್ಟುತ್ತಾರೆ ಎಂಬುದು ಆಫೀಸಿನವರ ನಂಬಿಕೆ. ತಪ್ಪೇ ಮಾಡದ ಗ್ರೀಷ್ಮಾ ಮಾತ್ರ ಮೇಡಂ ಬಾಯಲ್ಲಿ ಬರೀ ಮಿಸ್ ಗ್ರೀಷ್ಮಾ.

ಎಣ್ಣೆತಲೆಗೆ ದುಪಟ್ಟಾ ಸುತ್ತಿ ಟ್ಯಾಕ್ಸಿ ಹಿಡಿದು ಓಡಿದಳು. ಮೇಡಂ ಬಾಗಿಲಲ್ಲೇ ನಿಂತಿದ್ದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅಮ್ಮ, ಭಾನುವಾರ, ಎಣ್ಣೆ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿಬಿಟ್ಟಳು.

ಮೇಡಂ ಅವಳ ತಲೆಯನ್ನೇ ದಿಟ್ಟಿಸಿದರು.

"ದಾಯ್ ತಾವ್ ಹಾ."

ದೊಡ್ಡ ತಲೆಯ ಸಿಗಡಿ, ಅಂದರೆ ಮರೆಗುಳಿ ಎಂದು ಸಂಕಪ್ಪಣ್ಣ ಹಿಂದಿನಿಂದ ಪಿಸುಗುಟ್ಟಿದರು. ಗ್ರೀಷ್ಮಾಳ ಕಣ್ಣು ತುಂಬಿ ಬಂತು. ಬೈಸಿಕೊಂಡು ಇಷ್ಟು ಸಂತೋಷವಾದದ್ದು ಅವಳಿಗೆ ಅದೇ ಮೊದಲು. ಆದರೂ ಬರೀ ನಂಬಿಕೆಯ ಮೇಲೆ ಎಷ್ಟು ಹೊತ್ತು ನಿಂತಾಳು?

"ಮೇಡಂ, ನನ್ನ ಕೆಲಸ..."

ಮೇಡಂ ಮೇಜಿನ ಮೇಲಿನ ಟಿಶ್ಯೂ ಎಳೆದು, ಅವಳ ಕಿವಿಯ ಪಕ್ಕದಲ್ಲಿ ಇಳಿಯುತ್ತಿದ್ದ ಎಣ್ಣೆಯನ್ನು ಒರೆಸಿದರು.

"ಇನ್ನೆರಡು ವರ್ಷ ಇದೇ ಹೆಸರಿನಿಂದ ಕರೆಯುತ್ತೇನೆ. ಬೇಜಾರಿದ್ದರೆ ಈಗಲೇ ಹೇಳು."