ದೇವರೆತ್ತು ಮಲಗಿದ ಜಗುಲಿ

ಬಿಳಿ ದೊರೆಯ ಬಂಗಲೆಗೆ ಬೆಂಕಿ ಇಡಲೆಂದು ನನ್ನಿವಾಳ ಊರಿನ ಗಂಡಸರೆಲ್ಲ ಸುಡುಬಿಸಿಲಲ್ಲಿ ಪಂಜು ಹಿಡಿದು ಬಂದು ನಿಂತಿದ್ದರು. ಆದರೆ ಇಡುವ ಹಾಗಿರಲಿಲ್ಲ. ಎಲ್ಲರಿಗಿಂತ ಮುಂದೆ ಬಂದ ದೇವರೆತ್ತು ಮೆಟ್ಟಿಲು ಹತ್ತಿ, ಜಗುಲಿಯ ತಂಪಿಗೆ ಸೋತು, ಕಾಲು ಮಡಚಿ ಮಲಗಿಬಿಟ್ಟಿತ್ತು.

ತಪ್ಪು ಎತ್ತಿನದಲ್ಲ. ಯಾವ ಶುಭಕಾರ್ಯಕ್ಕೂ ದೇವರೆತ್ತು ಮುಂದೆ ಹೋಗಬೇಕು, ಮಲಗಿದರೆ ತಾನಾಗಿ ಏಳುವವರೆಗೂ ಯಾರೂ ಮುಟ್ಟಬಾರದು ಎಂಬುದು ಅವರದೇ ಕಟ್ಟಳೆ. ಬೆಂಕಿ ಇಡುವುದೂ ಶುಭಕಾರ್ಯವೇ ಎಂದು ಹಟ ಹಿಡಿದವನು ದೇವರ ದನ ಕಾಯುವ ಕಿಲಾರಿ ಬೋರಣ್ಣ. ಪಾಪ, ಅವನ ಸಂಕಟ ಅವನಿಗೆ. ಆ ದನ ಮೇಯುತ್ತಿದ್ದ ಹುಲ್ಲುಗಾವಲಿಗೆಲ್ಲ ದೊರೆ ಬೇಲಿ ಸುತ್ತಿ, ಕತ್ತಾಳೆ ನೆಟ್ಟು ನಾರಿನ ತೋಟ ಮಾಡಿಕೊಂಡಿದ್ದ. ಹುಲ್ಲಿಲ್ಲದೆ ಎದ್ದ ಪಕ್ಕೆಲುಬುಗಳನ್ನು ಕಂಡಾಗಲೆಲ್ಲ ಬೋರಣ್ಣನ ಹೊಟ್ಟೆ ಉರಿಯುತ್ತಿತ್ತು.

"ಲೇ ಬೋರ, ಅದನ್ನ ಎಬ್ಸೋ. ಪಂಜು ಆರ್ತೈತೆ," ಅಂದ ಪಂಜು ಹಿಡಿದವರಲ್ಲೊಬ್ಬನಾದ ಜಂಪಣ್ಣ.

"ಅದು ಎದ್ದಾಗ ಸುಡಾನ. ಅಲ್ಲೀಗಂಟ ಕುಂತ್ಕ."

ಚಪ್ಪಲಿ ಬಿಟ್ಟು ಎಲ್ಲರೂ ಅಂಗಳದಲ್ಲಿ ಕೂತರು. ಪೊಲೀಸರನ್ನು ಕರೆತರಲು ಹಿಂಬಾಗಿಲಿಂದ ಆಳು ಅಟ್ಟಿದ್ದ ದೊರೆ ಕಿಟಕಿಯ ಹಿಂದೆ ಅಡಗಿದ್ದ. ಆದರೆ ಆಸಾಮಿ ಚುರುಕು. ಎತ್ತು ಮಲಗಿರುವವರೆಗೆ ತನ್ನ ಸೂರಿಗೆ ಭಯವಿಲ್ಲ ಎಂಬುದು ಬೇಗ ತಲೆಗೆ ಹೋಯಿತು. ಬೂಟು ಕಳಚಿ, ಕುದುರೆಗೆಂದು ಬೇಯಿಸಿದ ಹುರುಳಿಯನ್ನು ತಾನೇ ಹೊತ್ತು ತಂದು ಮುಂದಿಟ್ಟ. ಎತ್ತು ತಿಂದು ಮತ್ತೆ ಮಲಗಿತು. ಅಂಗಳದಲ್ಲಿ ಬಂಡಾಯವೂ ತೂಕಡಿಸತೊಡಗಿತು.

ಮರುದಿನ ಬೆಳಿಗ್ಗೆ ಎತ್ತು ಕಿವಿ ನಿಮಿರಿಸಿ ಊರಿನ ಕಡೆ ನೋಡಿತು. ದೊರೆಗೆ ಜೀವ ಬಾಯಿಗೆ ಬಂತು. ಅದಕ್ಕೇನು ಬೇಕಂತೆ ಎಂದು ಹರಕು ಕನ್ನಡದಲ್ಲಿ ಕೇಳಿದ. ಬೋರಣ್ಣ ಯಾವ ಕುತಂತ್ರವೂ ಇಲ್ಲದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ.

"ಜತೆ ದನ ಬಂದ್ರೆ ಇರ್ತೈತೆ ದೊರೆ. ಅವು ಬರ್ಬೇಕಂದ್ರೆ ಹುಲ್ಲು ಬೇಕು."

ದೊರೆ ಆಳುಗಳನ್ನೂ ಕಾಯದೆ ಗುದ್ದಲಿ ಹಿಡಿದು ಬೇಲಿ ಕಿತ್ತ. ಹುಲ್ಲಿಗೆ ಅಡ್ಡವೆಂದು ಬಾಯಿಗೆ ಬಂದ ಹಾಗೆ ಬೈಯುತ್ತಾ ಕತ್ತಾಳೆಯನ್ನೂ ಕಿತ್ತೆಸೆದ. ದೇವರ ದನ ಸಾಲುಗಟ್ಟಿ ಕಾವಲಿಗೆ ಇಳಿದಾಗ ಬೋರಣ್ಣ ಎಲ್ಲರೆದುರೇ ಗೊಳೋ ಎಂದು ಅತ್ತುಬಿಟ್ಟ.

ಅಷ್ಟರಲ್ಲಿ ಚಳ್ಳಕೆರೆಯಿಂದ ಪೊಲೀಸರು ಬಂದರು. ಮೊದಲು ಈ ಎತ್ತನ್ನು ಓಡಿಸಿ ಎಂದು ಗದರುತ್ತಾ ಜಮಾದಾರ ಲಾಠಿ ಎತ್ತಿ ಮೆಟ್ಟಿಲು ಹತ್ತಿದ. ಬರಿಗಾಲಿನ ದೊರೆ, ಹುರುಳಿ ಮೆತ್ತಿದ ಕೈಗಳನ್ನು ಅಗಲಿಸಿ ಅಡ್ಡ ನಿಂತ.

"ಬೂಟು ಬಿಚ್ಚು," ಎಂದು ಪಿಸುಗುಟ್ಟಿದ. "ದೇವ್ರು ಮಲಗೈತೆ."