ಬೊಂಬಾಯಿಯ ಬುತ್ತಿ

“ನಮ್ಮ ಸರಸ ಬೊಂಬಾಯಿಗೆ ಹೋಗ್ತಾರೆ ಅಂತ ನಿಮಗೆ ತೋರ್ತದಾ ಶೆಟ್ರೇ?”

ಬೆಳ್ತಂಗಡಿಯ ಬ್ಯಾಂಕಿನ ಮ್ಯಾನೇಜರ್ ಸುಬ್ಬಯ್ಯನವರು ಭೋಜ ಶೆಟ್ಟಿಯನ್ನು ತಮ್ಮ ಕೋಣೆಗೆ ಕರೆದು ಇಷ್ಟೇ ಕೇಳಿದ್ದು. 1984ರ ಆ ವರ್ಷ ಬ್ಯಾಂಕು ಹೊಸ ಅಧಿಕಾರಿಗಳನ್ನು ಸಂಬಳ ಕೊಟ್ಟೇ ಮುಂಬಯಿಗೆ ಕಳಿಸಿ, ಫೈನಾನ್ಸಿನಲ್ಲಿ ಒಂದು ವರ್ಷದ ಸ್ನಾತಕೋತ್ತರ ಪದವಿ ಓದಿಸುವುದಾಗಿ ಹೇಳಿತ್ತು. ಒಂದು ಶಾಖೆಯಿಂದ ಒಂದೇ ಹೆಸರು. ಶಾಖೆಯಲ್ಲಿದ್ದ ಹೊಸಬರು ಇಬ್ಬರು: ವಾಮದಪದವಿನ ಭೋಜ ಮತ್ತು ನಾರಾವಿಯ ಜೈನರ ಮನೆಯ ಸರಸ.

“ಕೆಲಸದಲ್ಲಿ ಅವರೇ ಒಂದು ತೂಕ ಹೆಚ್ಚು, ನೀವು ಬೇಜಾರು ಮಾಡ್ಬೇಡಿ,” ಎಂದರು ಸುಬ್ಬಯ್ಯ. “ಆದ್ರೆ ಹೊತ್ತು ಮುಳುಗಿದ ಮೇಲೆ ಅವರಲ್ಲಿ ಊಟ ಇಲ್ಲವಲ್ಲ ಮಾರಾಯ್ರೇ. ಆ ಹಾಸ್ಟೆಲಿನಲ್ಲಿ ರಾತ್ರಿ ಊಟ ಎಂಟೂವರೆಗಂತೆ. ವರ್ಷವಿಡೀ ಉಪವಾಸ ಕೂರ್ಲಿಕ್ಕೆ ಆಗ್ತದಾ? ಅವರನ್ನೇ ಕೇಳುವ ಅಂದ್ರೆ ವ್ರತ ನೇಮದ ವಿಷಯ, ನನಗೆ ಸಂಕೋಚ. ನೀವು ದಿನಾ ಪಕ್ಕದಲ್ಲಿ ಕೂರುವವರು, ನಿಮಗೆ ಗೊತ್ತುಂಟಾ?”

ಗೊತ್ತಿತ್ತು. ಚೆನ್ನಾಗಿಯೇ ಗೊತ್ತಿತ್ತು. ಒಂದು ವರ್ಷದ್ದು ಎಂಥ ಪದವಿ, ಫೇಲಾದವರ ಟ್ಯುಟೋರಿಯಲ್ಲಿನ ಹಾಗೆ, ಎಂದು ಬಸ್ ಸ್ಟ್ಯಾಂಡಿನಲ್ಲಿ ಅವನು ನಕ್ಕಾಗ ಬಿಡಿಸಿ ಹೇಳಿದವಳೇ ಸರಸ. “ಎಂ.ಕಾಂ. ಅಂದ್ರೆ ಎರಡು ವರ್ಷ, ಕೆಲಸ ಬಿಡ್ಬೇಕು. ಇದರಲ್ಲಿ ಕೆಲಸ ಉಳೀತದೆ, ವಾಪಸು ಬಂದ್ರೆ ಹೆಡ್ ಆಫೀಸು. ಸೇರಿದ ಹೊಸದರಲ್ಲೇ ಮಾಡಿಬಿಡ್ಬೇಕು ಶೆಟ್ರೇ. ಆಮೇಲೆ ಮದುವೆ, ಮಕ್ಕಳು, ನನ್ನನ್ನು ಯಾರು ಬಿಡ್ತಾರೆ?” ಊಟದ ಮಾತನ್ನೂ ಅವಳೇ ಎತ್ತಿದ್ದಳು. “ಮಧ್ಯಾಹ್ನವೇ ನಾಲ್ಕು ಚಪಾತಿ ಬುತ್ತಿಗೆ ಹಾಕಿಸಿಕೊಂಡ್ರಾಯ್ತು. ಕತ್ತಲಾಗುವ ಮೊದಲು ತಿಂದು ಕೈ ತೊಳೆಯುವುದು. ಅಮ್ಮನೂ ಒಪ್ಪಿದ್ದಾರೆ.” ಅಲ್ಲಿಯವರೆಗೆ ಭೋಜನಿಗೆ ಓದಿನ ಯೋಚನೆಯೇ ಇರಲಿಲ್ಲ. ಅವಳ ಮಾತು ಕೇಳಿ ಕೇಳಿ ಆಸೆ ಹತ್ತಿದ್ದು.

ಈಗ ಮ್ಯಾನೇಜರರಿಗೆ ಆ ಬುತ್ತಿಯ ಮಾತು ಹೇಳಿದ್ದರೆ ಸಾಕಿತ್ತು. ಭೋಜ ಮೇಜಿನ ಮೇಲಿನ ಪೇಪರ್‌ವೇಟನ್ನು ನೋಡುತ್ತಾ ಹೇಳಿದ: “ಕೇಳಿದ್ರೆ ಅವರು ಹೋಗ್ತೇನೆ ಅಂತಲೇ ಹೇಳ್ಯಾರು ಸಾರ್. ಆದ್ರೆ ಪಾಪ, ಅವರಿಗೆ ಕಷ್ಟ ಆಗ್ಬಾರದು.”

“ಒಳ್ಳೆ ಮನಸ್ಸು ನಿಮ್ಮದು,” ಎಂದರು ಸುಬ್ಬಯ್ಯ.

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಸುಳ್ಳು ಹೇಳಿದನೆಂದು ಯಾರೂ ಹಿಡಿಯುವಂತಿಲ್ಲ. ಆದರೂ ಅಂದಿನಿಂದ ಭೋಜನಿಗೆ ಪಕ್ಕದ ಕುರ್ಚಿಯ ಕಡೆ ಕತ್ತು ತಿರುಗಿಸುವುದೇ ಕಷ್ಟವಾಯಿತು. ಹೆಸರು ಹೆಡ್ ಆಫೀಸಿಗೆ ಹೋಗಲು ಶುಕ್ರವಾರದವರೆಗೆ ಸಮಯವಿತ್ತು. ಗುರುವಾರ ಗಟ್ಟಿ ಮನಸ್ಸು ಮಾಡಿ ಮ್ಯಾನೇಜರರ ಬಾಗಿಲಲ್ಲಿ ಹೋಗಿ ನಿಂತ. “ಎಂಥ ಶೆಟ್ರೇ?” ಎಂದು ಅವರು ತಲೆಯೆತ್ತಿದಾಗ, “ನನ್ನ ತಲೆ ಮೇಲಿನ ಫ್ಯಾನು ತುಂಬ ಸದ್ದು ಮಾಡ್ತದೆ ಸಾರ್,” ಎಂದು ಹೇಳಿ ಹಿಂದೆ ಬಂದ. ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು. ಆದರೆ ಹೇಸಿಗೆಯಾಯಿತೆಂದು ಮತ್ತೆ ಎದ್ದು ಹೋಗಲಿಲ್ಲ. ಸಂಜೆಗೆಲ್ಲ ಫ್ಯಾನು ರಿಪೇರಿಯಾಯಿತು.

ಅವನ ಹೆಸರು ಬಂದ ದಿನ ಸರಸ “ಒಳ್ಳೇದಾಯ್ತು” ಎಂದು ಹೇಳಿ ಲೆಡ್ಜರಿನ ಹಾಳೆ ತಿರುಗಿಸಿದಳು. ಅವನು ಹೊರಡುವ ಮುನ್ನಾ ದಿನ ಶಾಖೆಯಲ್ಲೇ ಬೀಳ್ಕೊಡುಗೆ ಇಟ್ಟುಕೊಂಡರು. ಸರಸ ಬಂದಂದಿನಿಂದ ಅಲ್ಲಿ ಯಾವ ಪಾರ್ಟಿಯಾದರೂ ಬಿಸಿಲು ಇರುವಾಗಲೇ ಮುಗಿಯುವುದು ರೂಢಿ. ಅಂದೂ ಎದುರಿನ ಹೋಟೆಲಿನ ಗೋಳಿಬಜೆ, ಚಹಾ ಎಲ್ಲ ಹೊತ್ತು ಮುಳುಗುವ ಮೊದಲೇ ಬಂದವು. ಸುಬ್ಬಯ್ಯನವರು ಎದ್ದು ನಿಂತು ಭೋಜನ ಕೆಲಸವನ್ನು ಹೊಗಳಿದರು, ಶಿಸ್ತನ್ನು ಹೊಗಳಿದರು. ಕೊನೆಗೆ, “ಎಲ್ಲಕ್ಕಿಂತ ದೊಡ್ಡದು ಇವರ ಗುಣ,” ಎಂದರು. “ಹಾಸ್ಟೆಲಿನಲ್ಲಿ ನಮ್ಮ ಸರಸ ಅವರಿಗೆ ಊಟದ ಕಷ್ಟ ಆಗ್ಬಾರದು ಅಂತ ನನ್ನಲ್ಲಿ ಹೇಳಿದವರೇ ಶೆಟ್ರು. ಒಟ್ಟಿಗೆ ಕೆಲಸ ಮಾಡುವವರ ಬಗ್ಗೆ ಇಷ್ಟು ಕಾಳಜಿ ಈಗ ಯಾರಿಗುಂಟು?”

ಎಲ್ಲರೂ ಚಪ್ಪಾಳೆ ತಟ್ಟಿದರು. ಸರಸಳ ಕೈ ಒಂದು ಗಳಿಗೆ ಮಡಿಲಲ್ಲೇ ಇತ್ತು. ಆಮೇಲೆ ಅವಳೂ ತಟ್ಟಿದಳು. ಭೋಜನಿಗೆ ಬಾಯಲ್ಲಿದ್ದ ಗೋಳಿಬಜೆಯನ್ನು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅದು ಬಿಡಲಿಲ್ಲ, ಬಾಯಿ ಬಿಟ್ಟದ್ದು ಅಟೆಂಡರ್ ಉಮ್ಮರ್ ಮಾತ್ರ: “ಶೆಟ್ರಿಗೆ ಇನ್ನೆರಡು ಬಜೆ ಹಾಕ್ಲಾ?”

ಎಲ್ಲರೂ ಹೊರಟ ಮೇಲೆ ಸರಸ ತನ್ನ ಮೇಜಿನ ಖಾನೆಯಿಂದ ಕಾಗದದಲ್ಲಿ ಸುತ್ತಿದ್ದ ವಸ್ತುವೊಂದನ್ನು ತಂದು ಅವನ ಮುಂದಿಟ್ಟಳು. ಹೊಳೆಯುವ ಹೊಸ ಸ್ಟೀಲಿನ ಬುತ್ತಿಪಾತ್ರೆ.

“ಮೂಡುಬಿದಿರೆಯಲ್ಲಿ ತೆಗೆದದ್ದು. ನಾನು ಬೊಂಬಾಯಿಗೆ ಹೋದ್ರೆ ಅಂತ,” ಎಂದಳು. “ಇಲ್ಲಿ ನನಗೆ ಬೇಡ. ಮನೆಯಲ್ಲಿ ಅಮ್ಮ ಸಂಜೆಗೆ ಬಿಸಿ ಬಿಸಿ ಬಡಿಸ್ತಾರೆ. ನೀವು ಕೊಂಡುಹೋಗಿ.”

“ನಾನು... ಸರಸಕ್ಕ, ಅವತ್ತು ಸಾರ್ ಕೇಳಿದಾಗ...”

“ಅಲ್ಲಿ ರಾತ್ರಿ ಊಟ ತಡ ಅಂತೆ. ನಿಮಗೆ ಕಷ್ಟ ಆಗ್ಬಾರದು.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಬೇಡ ಎನ್ನಲು ಮುಖವಿಲ್ಲದೆ ಎರಡೂ ಕೈ ಚಾಚಿ ತೆಗೆದುಕೊಂಡ. ಸರಸ ಚೀಲ ಹೆಗಲಿಗೇರಿಸಿ ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

“ಮುಚ್ಚಳದ ಮೇಲೆ ನನ್ನ ಹೆಸರುಂಟು ಶೆಟ್ರೇ. ಅಂಗಡಿಯವರು ಕೊರೆದು ಕೊಟ್ಟದ್ದು. ಎಷ್ಟು ಉಜ್ಜಿದ್ರೂ ಹೋಗ್ಲಿಕ್ಕಿಲ್ಲ.”