ಕೊರಿಯರ್‌ನಲ್ಲಿ ಬಂದ ಕೈಗಳು

ಬೆಳಗಾವಿಯಿಂದ ಕೊರಿಯರ್‌ನಲ್ಲಿ ಬಂದ ಅರುಣಾಕ್ಷನ ಕೈಗಳು ಈ ಸಲವೂ ಸೆಟೆದುಕೊಂಡಿದ್ದವು. ಫ್ಲೇವಿಯಾ ಆಕಳಿಸುತ್ತಾ ಡಬ್ಬಿ ಬಿಚ್ಚಿ, ಬೆರಳುಗಳಿಗೆ ಬಿಸಿ ತೆಂಗಿನೆಣ್ಣೆ ತಿಕ್ಕಿದಳು.

“ಹಾ, ಅಲ್ಲೇ, ಹೆಬ್ಬೆರಳಿನ ಬುಡದಲ್ಲಿ,” ಎಂದ ಅರುಣಾಕ್ಷ ಫೋನಿನಲ್ಲಿ.

ಅವನು ಬ್ಯಾಂಡಿನ ಡ್ರಮ್ಮರ್, ಅವಳು ಗಾಯಕಿ. ಮೊದಲ ಆಲ್ಬಮ್ಮನ್ನು ಇಬ್ಬರೂ ಮಂಗಳೂರಿನ ಇದೇ ಸ್ಟುಡಿಯೋದಲ್ಲಿ ಕೂತು ಮಾಡಿದ್ದರು. ಆಮೇಲಿನದಕ್ಕೆಲ್ಲ ಬಂದದ್ದು ಕೈಗಳು ಮಾತ್ರ.

“ಒಮ್ಮೆ ನೀನೇ ಬಾ ಮಾರಾಯ.”

“ಬಂದು ಎಂತ ಮಾಡುದು? ಬಾರಿಸುದು ಕೈಯೇ ಅಲ್ವಾ?”

ವಾದಿಸಲು ಅವಳಿಗೆ ತ್ರಾಣವಿರಲಿಲ್ಲ. ಕೈಗಳಿಗೆ ಸ್ಟಿಕ್ಕು ಕೊಟ್ಟು ಹಾಡಿದಳು. ಕೊನೆಯ ಸಾಲಿನಲ್ಲಿ ಅವಳು ಉಸಿರೆಳೆದುಕೊಳ್ಳುವ ಮೊದಲೇ ಪೆಟ್ಟು ಬಿತ್ತು. ಮತ್ತೆ ಹಾಡಿದಳು, ಮತ್ತೆ ಹಾಗೆಯೇ ಆಯಿತು. ಹಿಂದೆ ಅವನು ಅವಳ ಭುಜ ಏಳುವುದನ್ನು ನೋಡಿಕೊಂಡು ಬಾರಿಸುತ್ತಿದ್ದ. ಕೈಗೆ ಕಣ್ಣೆಲ್ಲಿ?

ಕೊನೆಗೆ ಎಡಗೈಯಿಂದ ಸ್ಟಿಕ್ಕು ಕಿತ್ತುಕೊಂಡು, ಆ ಕೈಯನ್ನು ಎತ್ತಿ ತನ್ನ ಭುಜದ ಮೇಲಿಟ್ಟುಕೊಂಡಳು.

“ಇನ್ನು ಒಂದೇ ಕೈಯಲ್ಲಿ ಬಾರಿಸು.”

ಹಾಡಿದಳು. ಬಲಗೈ ಕಾಯಿತು. ಅವಳು ಉಸಿರೆಳೆದುಕೊಂಡ ಮೇಲೆಯೇ ಪೆಟ್ಟು ಬಿತ್ತು.

“ಈಗ ಸರಿಯಾಯ್ತು,” ಎಂದಳು. ಭುಜದ ಮೇಲಿನ ಕೈ ಮೆಲ್ಲಗೆ ತಡವಿ ನೋಡುತ್ತಿತ್ತು.

“ಎಂತ ಇದು ಮಾರಾಯ್ತಿ, ಬರೀ ಎಲುಬು! ಹುಷಾರಿಲ್ವಾ? ಫೋನಲ್ಲಿ ಒಂದು ಮಾತು ಹೇಳ್ಲಿಲ್ಲ ನೀನು.”

“ನೀನು ಕೇಳ್ಲಿಲ್ಲ.” ಅವಳು ಕೈಗಳನ್ನು ವಾಪಸ್ ತುಂಬಲು ಡಬ್ಬಿಯನ್ನು ಹತ್ತಿರಕ್ಕೆಳೆದುಕೊಂಡಳು.

“ಕೈ ವಾಪಸ್ ಕಳಿಸ್ಬೇಡ,” ಎಂದ ಅರುಣಾಕ್ಷ. “ಅಲ್ಲೇ ಇರ್ಲಿ. ನಾನು ಬರ್ತೇನೆ.”